ಹಾಲಿಡೇ ಮೆಂಬರ್‌ಶಿಪ್ ತಗೋಬೇಕಾ? ಮೊದಲು ರಾತ್ರಿಗಳನ್ನ ಎಣಿಸಿ

ನಮಸ್ಕಾರ.

ಮೈಸೂರಿನಲ್ಲಿ ನಮ್ಮ ಅಕ್ಕನ ಮನೆ ಬೀರುವಿನಲ್ಲಿ, ಎಲ್‌ಐಸಿ ಬಾಂಡು, ಮನೆ ಪತ್ರದ ಜೊತೆಗೆ ಒಂದು ನೀಲಿ ಫೋಲ್ಡರ್ ಇದೆ. ಮೇಲೆ ಸಮುದ್ರದ ಫೋಟೋ, ಮರಳಲ್ಲಿ ಓಡ್ತಿರೋ ಎರಡು ಮಕ್ಕಳು. ಒಳಗಿರೋದು 25 ವರ್ಷದ ಹಾಲಿಡೇ ಮೆಂಬರ್‌ಶಿಪ್ ಅಗ್ರಿಮೆಂಟು. 2018ರ ನವೆಂಬರ್‌ನಲ್ಲಿ ಸಹಿ ಆಗಿದ್ದು. ಅಕ್ಕ, ಭಾವ ಸಹಿ ಹಾಕೋವಾಗ ಅದೇ ಮೇಜಿನ ಹತ್ತಿರ ನಾನೂ ಕೂತಿದ್ದೆ. ಆವತ್ತು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಆ ಕೊರಗು ಇವತ್ತಿಗೂ ಇದೆ.

ಹೋದ ವಾರ ನನ್ನ ಜೊತೆ ಕೆಲಸ ಮಾಡೋ ಹುಡುಗ ಬಂದು ಕೇಳಿದ. "ಅಣ್ಣಾ, ಮಾಲ್‌ನಲ್ಲಿ ಒಂದು ಕೂಪನ್ ತುಂಬಿದ್ವಿ, ಈಗ ಫೋನ್ ಬಂದಿದೆ. ಭಾನುವಾರ ಗಂಡ ಹೆಂಡತಿ ಇಬ್ಬರೂ ಬರಬೇಕಂತೆ, ಮೂರು ದಿನದ ಸ್ಟೇ ಫ್ರೀ ಕೊಡ್ತಾರಂತೆ. ಮೆಂಬರ್‌ಶಿಪ್ ಬಗ್ಗೆ ಹೇಳ್ತಾರಂತೆ. ಹೋಗ್ಲಾ?" ಅವನನ್ನ ಕೂರಿಸಿಕೊಂಡು ಒಂದು ಗಂಟೆ ಮಾತಾಡಿದೆ. ಅದನ್ನೇ ನಿಮ್ಮ ಹತ್ತಿರಾನೂ ಹೇಳೋಣ ಅನ್ನಿಸಿತು.

ಇದಕ್ಕೆ ಟೈಮ್‌ಶೇರ್ ಅಂತಾರೆ. ಐಡಿಯಾ ಹಳೇದು. 1963ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹಾಪಿಮಾಗ್ ಅಂತ ಒಂದು ಕಂಪನಿ ಶುರುವಾಯ್ತು. ರಜೆಗೆ ಅಂತ ಬೆಟ್ಟದ ಮೇಲೋ ಸಮುದ್ರದ ಹತ್ತಿರಾನೋ ಸ್ವಂತ ಮನೆ ಕೊಳ್ಳೋ ಶಕ್ತಿ ಎಲ್ಲರಿಗೂ ಇರಲ್ಲ, ಜನ ಸೇರಿ ದುಡ್ಡು ಹಾಕಿ ವಾರಗಳನ್ನ ಹಂಚಿಕೊಂಡರೆ ಆಯ್ತಲ್ಲ ಅನ್ನೋದು ಯೋಚನೆ. ನಮ್ಮ ದೇಶಕ್ಕೆ ಇದನ್ನ ತಂದವರಲ್ಲಿ ಮೊದಲಿಗರು 1986ರಲ್ಲಿ ಚೆನ್ನೈನಲ್ಲಿ ಶುರುವಾದ ಸ್ಟರ್ಲಿಂಗ್. 1996ರಲ್ಲಿ ಮಹೀಂದ್ರ ಹಾಲಿಡೇಸ್ ಬಂತು, ಅದೇ ಕ್ಲಬ್ ಮಹೀಂದ್ರ. ಅವರ ಹಿಂದೆ ಊರೂರಿನಲ್ಲಿ ಚಿಕ್ಕಪುಟ್ಟ ಕಂಪನಿಗಳು. ಅಕ್ಕ ತಗೊಂಡಿದ್ದು ಈ ದೊಡ್ಡ ಹೆಸರುಗಳಲ್ಲಿ ಯಾವುದೂ ಅಲ್ಲ. ಅದರ ಹೆಸರು ಇಲ್ಲಿ ಬೇಡ.

ಒಂದು ವಿಷಯ ಮೊದಲೇ ಸ್ಪಷ್ಟ ಮಾಡ್ಕೊಳ್ಳಿ. ಇಲ್ಲಿ ನೀವು ಕೊಳ್ಳೋದು ಆಸ್ತಿ ಅಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಿಮ್ಮ ಹೆಸರಿಗೆ ಏನೂ ಬರಲ್ಲ. ವರ್ಷಕ್ಕೆ ಇಷ್ಟು ರಾತ್ರಿ, ಸಾಮಾನ್ಯವಾಗಿ ಏಳು, ಅವರ ರೆಸಾರ್ಟ್‌ಗಳಲ್ಲಿ ಉಳಿಯೋ ಹಕ್ಕು ಮಾತ್ರ. ಅದಕ್ಕೆ ಮೊದಲೇ ಒಂದು ದೊಡ್ಡ ಮೊತ್ತ ಕಟ್ಟಬೇಕು. ಆಮೇಲೆ ಪ್ರತಿ ವರ್ಷ ಎಎಂಸಿ ಅಂತಲೋ ಎಎಸ್‌ಎಫ್ ಅಂತಲೋ ಇನ್ನೊಂದು ಫೀ. ನೀವು ಹೋಗಿ, ಬಿಡಿ, ಅದನ್ನ ಕಟ್ಟಲೇಬೇಕು.

ಈಗ ಅಕ್ಕ, ಭಾವ ಸಹಿ ಹಾಕಿದ 2018ರ ಆ ಭಾನುವಾರಕ್ಕೆ ಬರ್ತೀನಿ. ಹೋಟೆಲ್ಲಿನ ಒಂದು ಹಾಲ್. ಹದಿನೈದಿಪ್ಪತ್ತು ರೌಂಡ್ ಟೇಬಲ್ಲು, ಒಂದೊಂದರಲ್ಲೂ ಒಂದು ಜೋಡಿ, ಎದುರಿಗೆ ಟೈ ಕಟ್ಟಿದ ಒಬ್ಬ ಹುಡುಗ ಅಥವಾ ಹುಡುಗಿ. ಜೋರಾಗಿ ಮ್ಯೂಸಿಕ್ಕು. ಯಾವುದೋ ಟೇಬಲ್ಲಿನಲ್ಲಿ ಸಹಿ ಆದ ತಕ್ಷಣ ಮೈಕಿನಲ್ಲಿ ಹೆಸರು ಕೂಗಿ ಚಪ್ಪಾಳೆ. ಮಕ್ಕಳನ್ನ ನೋಡ್ಕೊಳ್ಳೋಕೆ ಅಂತ ನಾನು ಹೋಗಿದ್ದೆ. ನಮ್ಮ ಟೇಬಲ್ಲಿಗೆ ಬಂದಿದ್ದು ಹಾಸನದ ಕಡೆಯ ಹುಡುಗ, ಇಪ್ಪತ್ತನಾಲ್ಕು ಇಪ್ಪತ್ತೈದು ವಯಸ್ಸು ಇರಬಹುದು. ಬಹಳ ಮರ್ಯಾದೆಯ ಹುಡುಗ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ, ಟಾರ್ಗೆಟ್ಟಿನ ಕೆಲಸ ಅದು.

ಅವನು ಒಂದು ಬಿಳಿ ಹಾಳೆ ತಗೊಂಡ. "ಸರ್, ವರ್ಷಕ್ಕೆ ಟ್ರಿಪ್ಪಿಗೆ ಎಷ್ಟು ಖರ್ಚು ಮಾಡ್ತೀರಾ?" ಭಾವ ಯೋಚನೆ ಮಾಡಿ ನಲವತ್ತು ಸಾವಿರ ಅಂದ್ರು. ಹುಡುಗ 40,000 ಅಂತ ಬರೆದ. "ಹೋಟೆಲ್ ರೇಟು ವರ್ಷಕ್ಕೆ ಎಂಟು ಪರ್ಸೆಂಟ್ ಏರುತ್ತೆ ಅಂತ ಇಟ್ಕೊಳ್ಳಿ ಸರ್" ಅಂತ ಕ್ಯಾಲ್ಕುಲೇಟರ್ ಒತ್ತಿದ. 25 ವರ್ಷಕ್ಕೆ 29 ಲಕ್ಷ. ಅದಕ್ಕೆ ದಪ್ಪಗೆ ಒಂದು ಸುತ್ತು ಹಾಕಿದ. ಪಕ್ಕದಲ್ಲಿ ತಮ್ಮ ಸ್ಕೀಮಿನ ಲೆಕ್ಕ ಬರೆದ: ನಾಲ್ಕು ಲಕ್ಷ, ಜೊತೆಗೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 4,72,000. ಎರಡು ಅಂಕಿ ಅಕ್ಕಪಕ್ಕ. ಭಾವನ ಮುಖ ಅರಳಿತು.

ಮೋಸ ಇದ್ದಿದ್ದು ಆ ಹಾಳೆಯಲ್ಲೇ. ಆವತ್ತು ನನಗೆ ಕಾಣಲಿಲ್ಲ. ಎಂಟು ಪರ್ಸೆಂಟ್ ಏರಿಕೆಯನ್ನ ಅವನು ಹೋಟೆಲ್ ಬಾಡಿಗೆಗೆ ಮಾತ್ರ ಹಾಕಿದ್ದ. ತಮ್ಮದೇ ವಾರ್ಷಿಕ ಫೀಗೆ ಹಾಕಿರಲಿಲ್ಲ. ಆ ಫೀ ಆವತ್ತು ಜಿಎಸ್‌ಟಿ ಸೇರಿ 17,700 ರೂಪಾಯಿ. ಅದಕ್ಕೂ ಅದೇ ಎಂಟು ಪರ್ಸೆಂಟ್ ಹಾಕಿ 25 ವರ್ಷ ಕೂಡಿಸಿ ನೋಡಿ, ಹದಿಮೂರು ಲಕ್ಷದ ಹತ್ತಿರ ಬರುತ್ತೆ. ನಾಲ್ಕು ಮುಕ್ಕಾಲು ಲಕ್ಷದ ಪಕ್ಕದಲ್ಲಿ ಹದಿಮೂರು ಲಕ್ಷ ಬರೆಯದೇ ಬಿಟ್ಟಿದ್ದರು.

ಇನ್ನೊಂದು. ಹೊರಡೋವಾಗ ಆ ಹಾಳೆ ಕೊಡಿ ಅಂತ ಕೇಳಿದೆ. "ಇಲ್ಲ ಸರ್, ಅದು ರಫ್ ಶೀಟು" ಅಂದ. ಫೋಟೋ ತಗೋತೀನಿ ಅಂದೆ. ನಕ್ಕು, ಹಾಳೆನ ಮಡಚಿ ಫೈಲಿನೊಳಗೆ ಇಟ್ಟುಕೊಂಡ. ಎರಡೂವರೆ ಗಂಟೆ ಯಾವ ಹಾಳೆ ತೋರಿಸಿ ನಮ್ಮನ್ನ ಒಪ್ಪಿಸಿದರೋ, ಅದೇ ಹಾಳೆ ನಮ್ಮ ಕೈಗೆ ಬರಲಿಲ್ಲ. ಕೈಗೆ ಬಂದ ಅಗ್ರಿಮೆಂಟಿನಲ್ಲಿ ಅವನು ಬಾಯಲ್ಲಿ ಹೇಳಿದ ಒಂದು ಮಾತೂ ಇಲ್ಲ.

ಸರಿ, ಲೆಕ್ಕಕ್ಕೆ ಬರೋಣ. ಇಲ್ಲಿ ನಾನು ಕಂಪನಿ ವಿರುದ್ಧ ಮಾತಾಡಬೇಕು ಅಂತ ಕೂತಿಲ್ಲ, ನ್ಯಾಯವಾಗೇ ಮಾಡೋಣ.

4,72,000 ರೂಪಾಯಿನ ಏಳು ಪರ್ಸೆಂಟ್ ಎಫ್‌ಡಿಯಲ್ಲಿಟ್ಟರೆ ವರ್ಷಕ್ಕೆ 33,000 ಬಡ್ಡಿ. ಅದು ನಿಮಗೆ ತಪ್ಪಿತು. ಮೇಲೆ 17,700 ಫೀ. ಒಟ್ಟು 50,700. ಏಳು ರಾತ್ರಿನೂ ಬಳಸಿದರೆ ರಾತ್ರಿಗೆ ಸುಮಾರು 7,250. ಅಷ್ಟರ ಮೇಲೆ, ಎಫ್‌ಡಿ ಆಗಿದ್ದರೆ ಕೊನೆಗೆ ಅಸಲು ವಾಪಸ್ ಬರ್ತಿತ್ತು, ಇಲ್ಲಿ ಬರಲ್ಲ. ಆದರೆ ಇನ್ನೊಂದು ಕಡೆನೂ ಹೇಳಬೇಕು. ಹತ್ತು ಹದಿನೈದು ವರ್ಷ ಆದ ಮೇಲೆ ಹೋಟೆಲ್ ಬಾಡಿಗೆ ಏರಿರುತ್ತೆ, ನೀವು ಕಟ್ಟಿದ ಆ ಮೊದಲ ಮೊತ್ತ ಏರಲ್ಲ. ಹಾಗಾಗಿ ಏಳಕ್ಕೆ ಏಳು ರಾತ್ರಿ, ಇಪ್ಪತ್ತೈದಕ್ಕೆ ಇಪ್ಪತ್ತೈದು ವರ್ಷ ಬಳಸೋ ಕುಟುಂಬಕ್ಕೆ ಇದು ನಷ್ಟ ಅಂತ ನಾನು ಹೇಳಲ್ಲ. ಲಾಭಾನೂ ಆಗಬಹುದು.

ಆದರೆ ವರ್ಷಕ್ಕೆ ಮೂರೇ ರಾತ್ರಿ ಬಳಸಿದರೆ? ಅದೇ ಮೊದಲ ವರ್ಷದ ಖರ್ಚಿನಲ್ಲಿ ಒಂದು ರಾತ್ರಿಗೆ ಹದಿನೇಳು ಸಾವಿರ. ಆ ದುಡ್ಡಿಗೆ ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಕಾಫಿ ತೋಟದ ನಡುವೆ ಇರೋ ಒಳ್ಳೇ ಹೋಂಸ್ಟೇಯಲ್ಲಿ ಇಡೀ ಕುಟುಂಬ ಎರಡು ದಿನ ಊಟ ತಿಂಡಿ ಸೇರಿ ಇದ್ದು ಬರಬಹುದು. ಈ ಸ್ಕೀಮುಗಳಲ್ಲಿ ಊಟದ ದುಡ್ಡು ಬೇರೆ, ಅದನ್ನೂ ನೆನಪಿಡಿ. ರೂಮು ಬೆಟ್ಟದ ತುದಿಯಲ್ಲಿರುತ್ತೆ, ಸುತ್ತಮುತ್ತ ಒಂದು ದರ್ಶಿನಿ ಇರಲ್ಲ. ಬೆಳಗಿನ ಇಡ್ಲಿಯಿಂದ ರಾತ್ರಿ ಊಟದವರೆಗೆ ರೆಸಾರ್ಟಿನ ರೇಟೇ.

ಅಂದ್ರೆ ಇಡೀ ತೀರ್ಮಾನ ನಿಂತಿರೋದು ಒಂದೇ ಅಂಕಿ ಮೇಲೆ. ವರ್ಷಕ್ಕೆ ನಿಜವಾಗಿ ಎಷ್ಟು ರಾತ್ರಿ ಹೋಗ್ತೀರಾ? ಆ ಹಾಲಿನಲ್ಲಿ ಅದನ್ನ ಯಾರೂ ಕೇಳಲ್ಲ. ಖರ್ಚು ಎಷ್ಟು ಅಂತ ಮಾತ್ರ ಕೇಳ್ತಾರೆ.

ನಮ್ಮ ರಜೆಗಳು ಎಲ್ಲಿಗೆ ಹೋಗ್ತವೆ ನೋಡಿ. ಅಕ್ಕನ ಮನೆ ಕ್ಯಾಲೆಂಡರನ್ನೇ ತಗೊಳ್ಳಿ. ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜೆ ಬಂದರೆ ಮೊದಲು ತೀರ್ಥಹಳ್ಳಿಯಲ್ಲಿ ಅಜ್ಜಿ ಮನೆ. ಮೇ ತಿಂಗಳಲ್ಲಿ ಮದುವೆ, ಉಪನಯನ, ಗೃಹಪ್ರವೇಶ ಸಾಲು ಸಾಲು. ವರ್ಷಕ್ಕೊಂದು ಸಲ ಧರ್ಮಸ್ಥಳ, ಸುಬ್ರಹ್ಮಣ್ಯ. ದಸರಾಗೆ ಮೈಸೂರು ಬಿಟ್ಟು ಹೋಗೋದಿರಲಿ, ಊರಿನವರೆಲ್ಲ ಇವರ ಮನೆಗೇ ಬರ್ತಾರೆ. 2020, 21 ಕೊರೊನಾಗೆ ಹೋಯ್ತು. ಲಾಕ್‌ಡೌನಿನಲ್ಲಿ ರೆಸಾರ್ಟ್ ಬೀಗ ಹಾಕಿದ್ದರೂ ಫೀ ಬಿಲ್ಲು ಮಾತ್ರ ಮೇಲ್‌ಗೆ ಬಂತು. ಆಮೇಲೆ ದೊಡ್ಡವಳು ಎಸ್‌ಎಸ್‌ಎಲ್‌ಸಿ, ಹಿಂದೆಯೇ ಪಿಯುಸಿ, ಸಿಇಟಿ. ನಡುವೆ ಭಾವನ ಅಮ್ಮನ ಮಂಡಿ ಆಪರೇಷನ್ನು. ಇದರಲ್ಲಿ ಯಾವುದೂ ವಿಶೇಷ ಅಲ್ಲ. ನಿಮ್ಮ ಮನೆಯಲ್ಲೂ ಇದೇ ನಡೆಯುತ್ತೆ.

ಮತ್ತೆ ಹೋಗಬೇಕು ಅಂದಾಗ ರೂಮು ಸಿಗಬೇಕಲ್ಲ. ಈ ವ್ಯವಹಾರದಲ್ಲಿ ವರ್ಷವನ್ನ ಸೀಸನ್ನುಗಳಾಗಿ ಒಡೆದಿರ್ತಾರೆ, ಕೆಲವರು ಪರ್ಪಲ್, ರೆಡ್, ವೈಟ್, ಬ್ಲೂ ಅಂತ ಬಣ್ಣದ ಹೆಸರಿಡ್ತಾರೆ. ಬೇಸಿಗೆ ರಜೆ, ಕ್ರಿಸ್‌ಮಸ್ ಇರೋ ಸೀಸನ್ ದುಬಾರಿ. ಕಡಿಮೆ ರೇಟಿನದು ಕೊಂಡವರಿಗೆ ಮಕ್ಕಳ ರಜೆಯ ದಿನಗಳು ಸಿಗೋದು ಕಷ್ಟ. ಅಕ್ಕ ಕೊಂಡಿದ್ದು ಕಡಿಮೆ ರೇಟಿನದೇ. 2023ರ ಮೇನಲ್ಲಿ ಮಡಿಕೇರಿ ಬೇಕು ಅಂತ ಮೂರು ತಿಂಗಳು ಮುಂಚೆ ಕೂತಳು. ವೇಟ್‌ಲಿಸ್ಟ್. ದಿನಾ ಬೆಳಗ್ಗೆ ಕಾಫಿ ಕುಡೀತಾ ಆ್ಯಪ್ ತೆಗೆದು ನೋಡೋಳು. ಹೊರಡೋಕೆ ನಾಲ್ಕು ದಿನ ಇದ್ದಾಗ, ಮಡಿಕೇರಿ ಇಲ್ಲ, ಬೇರೆ ರಾಜ್ಯದಲ್ಲಿ ಖಾಲಿ ಇದೆ ಅಂತ ಮೆಸೇಜು. ಅವತ್ತು ಫೋನ್ ಮಾಡಿ, "ನಮ್ಮ ದುಡ್ಡು ಕೊಟ್ಟು ನಾವೇ ಬೇಡ್ಕೋಬೇಕಾ ಕಣೋ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಏಳು ವರ್ಷದಲ್ಲಿ ಅವರಿಗೆ ಬರಬೇಕಿದ್ದ ರಾತ್ರಿಗಳು 49. ಬಳಸಿದ್ದು 14. ಉಳಿದದ್ದನ್ನ ಮುಂದಿನ ವರ್ಷಕ್ಕೆ ಹಾಕ್ಕೊಳ್ಳಬಹುದು ಅಂತ ಇದೆ, ಆದರೆ ಅದಕ್ಕೂ ಗಡುವು ಇದೆ, ಗಡುವು ಮುಗಿದವು. ಮೊದಲು ಕಟ್ಟಿದ ದುಡ್ಡಲ್ಲಿ ಏಳು ವರ್ಷದ ಪಾಲು ಮಾತ್ರ ತಗೊಂಡರೂ 1,32,000. ಏರುತ್ತಾ ಬಂದ ಫೀ ಸುಮಾರು ಒಂದೂವರೆ ಲಕ್ಷ. ಒಂದು ರಾತ್ರಿಗೆ ಇಪ್ಪತ್ತು ಸಾವಿರ ಬಿತ್ತು. ಬಡ್ಡಿ ಸೇರಿಸಿಲ್ಲ, ಊಟ ಸೇರಿಸಿಲ್ಲ.

ಕಂಪನಿಗಳ ದೃಷ್ಟಿಯಿಂದಲೂ ಒಂದು ಸಲ ನೋಡಿ. ಇಂಡ್ ಎಎಸ್ 115 ಅನ್ನೋ ಲೆಕ್ಕಪತ್ರ ನಿಯಮ 2018ರಲ್ಲಿ ಬಂದ ಮೇಲೆ, ಅದರಡಿ ಬರೋ ಕಂಪನಿಗಳು ನೀವು ಕಟ್ಟಿದ ಮೆಂಬರ್‌ಶಿಪ್ ಹಣವನ್ನ ಒಂದೇ ವರ್ಷದ ಆದಾಯ ಅಂತ ತೋರಿಸೋ ಹಾಗಿಲ್ಲ. ಸೇವೆ ಕೊಡೋ ಅಷ್ಟೂ ವರ್ಷಕ್ಕೆ ಹಂಚಿ ತೋರಿಸಬೇಕು. ಅಂದ್ರೆ ಅವರ ಪುಸ್ತಕದಲ್ಲೇ ಅದು ಇನ್ನೂ ತೀರಿಸಬೇಕಾದ ಬಾಕಿ. ನೀವು ಬಡ್ಡಿ ಇಲ್ಲದೆ, ಅಡಮಾನ ಇಲ್ಲದೆ 25 ವರ್ಷಕ್ಕೆ ಮುಂಗಡ ಕೊಟ್ಟವರು. ಅಷ್ಟು ವರ್ಷ ಆ ಕಂಪನಿ ಬಾಳಬೇಕು, ರೆಸಾರ್ಟ್ ಚೆನ್ನಾಗಿರಬೇಕು. ಚಿಕ್ಕ ಕಂಪನಿ ಆದರೆ ಇದನ್ನ ಎರಡು ಸಲ ಯೋಚನೆ ಮಾಡಿ.

ಇನ್ನು, "ಹೋಗದೇ ಇದ್ದರೂ ಚಿಂತೆ ಇಲ್ಲ, ದುಡ್ಡು ಬೆಳೆದು ವಾಪಸ್ ಬರುತ್ತೆ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಪ್ಯಾನ್‌ಕಾರ್ಡ್ ಕ್ಲಬ್ಸ್ ನೆನಪಿದೆಯಾ? ಹೋಟೆಲ್ ರೂಮಿನ ರಾತ್ರಿಗಳ ಹೆಸರಲ್ಲಿ ಸುಮಾರು 51 ಲಕ್ಷ ಜನರಿಂದ 7,000 ಕೋಟಿಗೂ ಹೆಚ್ಚು ಸಂಗ್ರಹ ಮಾಡಿದ್ದರು. ಇದು ಅನುಮತಿ ಇಲ್ಲದ ಸಾಮೂಹಿಕ ಹೂಡಿಕೆ ಯೋಜನೆ, ದುಡ್ಡು ವಾಪಸ್ ಮಾಡಿ ಅಂತ ಷೇರು ಪೇಟೆ ನಿಯಂತ್ರಕ ಸೆಬಿ 2016ರಲ್ಲಿ ಆದೇಶ ಹೊರಡಿಸಿತು. ಸಂಬಳದ ಚೂರುಪಾರು ಉಳಿಸಿ ಕಟ್ಟಿದ ಎಷ್ಟೋ ಜನ ಆಮೇಲೂ ವರ್ಷಗಟ್ಟಲೆ ಕಾದರು.

ಕಾನೂನಿನ ಆಸರೆ ನಮ್ಮಲ್ಲಿ ಕಡಿಮೆ. ಯುರೋಪಿನಲ್ಲಿ ಟೈಮ್‌ಶೇರ್‌ಗೆ ಸಹಿ ಹಾಕಿದ ಮೇಲೆ 14 ದಿನದೊಳಗೆ ಕಾರಣ ಹೇಳದೇ ವಾಪಸ್ ಸರಿಯಬಹುದು, ಅದು ಅಲ್ಲಿಯ ಕಾನೂನು. ಭಾರತದಲ್ಲಿ ಟೈಮ್‌ಶೇರ್‌ಗೆ ಅಂತಲೇ ಪ್ರತ್ಯೇಕ ಕಾನೂನಿಲ್ಲ. ಕೆಲವು ಕಂಪನಿಗಳು ತಾವೇ ಅಗ್ರಿಮೆಂಟಿನಲ್ಲಿ ಇಷ್ಟು ದಿನ ಅಂತ ಬರೆದಿರ್ತವೆ. ಈಗಾಗಲೇ ಸಹಿ ಹಾಕಿ ಮನಸ್ಸು ಕೆಟ್ಟಿದ್ದರೆ, ಈ ವಿಡಿಯೋ ಇಲ್ಲೇ ನಿಲ್ಲಿಸಿ, ಮೊದಲು ಆ ಸಾಲು ಹುಡುಕಿ, ಇವತ್ತೇ ಇಮೇಲ್ ಹಾಕಿ. ಫೋನ್ ಮಾಡಿದರೆ ಸಾಲದು, ಬರಹದಲ್ಲಿರಬೇಕು. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗ ಇದೆ. ಸಾಲ ಮಾಡಿ ಕಂತಿನಲ್ಲಿ ಕಟ್ಟುತ್ತಿದ್ದರೆ, ಆ ಇಎಂಐ ಮಾತ್ರ ಸಿಟ್ಟಿಗೆ ನಿಲ್ಲಿಸಬೇಡಿ. ಸಾಲ ಕೊಟ್ಟವರು ಬೇರೆ, ರೂಮು ಕೊಡೋರು ಬೇರೆ, ನಿಮ್ಮ ಸಿಬಿಲ್ ಸ್ಕೋರ್ ಕೆಡುತ್ತೆ.

ಯಾರಿಗೆ ಒಪ್ಪುತ್ತೆ ಅಂತ ಕೇಳ್ತೀರಾ? ನನ್ನ ಸ್ನೇಹಿತನ ತಂದೆ ತಾಯಿ ಇದಾರೆ. ಇಬ್ಬರೂ ರಿಟೈರ್ಡ್ ಲೆಕ್ಚರರ್ಸ್, ಆರೋಗ್ಯ ಚೆನ್ನಾಗಿದೆ. ಜೂನ್ ಮಳೆಯಲ್ಲಿ, ವಾರದ ನಡುವೆ, ಎಲ್ಲಿ ಖಾಲಿ ಇದೆಯೋ ಅಲ್ಲಿಗೆ ಕಾರು ಹತ್ತಿ ಹೊರಡ್ತಾರೆ. ವರ್ಷಕ್ಕೆ ಏಳು ರಾತ್ರಿ ಸಾಲದು ಅವರಿಗೆ. ಮೆಂಬರ್ ಆಗೋ ಮೊದಲೂ ಅವರು ಹಾಗೇ ತಿರುಗೋರು. ಇದನ್ನ ಗಮನಿಸಿ. ಮೆಂಬರ್‌ಶಿಪ್ ತಗೊಂಡ ಮೇಲಾದರೂ ಟ್ರಿಪ್ ಹೋಗ್ತೀವಿ ಅಂದುಕೊಂಡವರು ನಮ್ಮ ಅಕ್ಕ, ಭಾವ. ಮಕ್ಕಳಿಗೆ ಸಮಯ ಕೊಡ್ತಾ ಇಲ್ಲ ಅನ್ನೋ ನೋವು ಭಾವನ ಮನಸ್ಸಿನಲ್ಲಿತ್ತು. ಆ ಹಾಲಿನಲ್ಲಿ ಮುಟ್ಟಿದ್ದು ಅದನ್ನೇ.

ನನ್ನ ಜೊತೆ ಕೆಲಸ ಮಾಡೋ ಹುಡುಗನಿಗೆ ಹೇಳಿದ್ದು ಇಷ್ಟು. ಗಂಡ ಹೆಂಡತಿ ಕೂತು, ಫೋನಿನ ಗ್ಯಾಲರಿ ತೆಗೆದು, ಕಳೆದ ಐದು ವರ್ಷದಲ್ಲಿ ನೆಂಟರ ಮನೆ, ದೇವಸ್ಥಾನದ ಛತ್ರ ಬಿಟ್ಟು ದುಡ್ಡು ಕೊಟ್ಟು ಹೊರಗೆ ಮಲಗಿದ ರಾತ್ರಿಗಳನ್ನ ಎಣಿಸಿ. ಎಣಿಸಿದರು. ಐದು ವರ್ಷಕ್ಕೆ ಒಂಬತ್ತು. ಭಾನುವಾರ ಆ ಹಾಲಿಗೆ ಹೋಗಲಿಲ್ಲ. ಮುಂದಿನ ತಿಂಗಳು ಸಕಲೇಶಪುರದ ಹತ್ತಿರ ಒಂದು ಹೋಂಸ್ಟೇಯಲ್ಲಿ ಎರಡು ರಾತ್ರಿ ಬುಕ್ ಮಾಡಿದಾರೆ.

ಅಕ್ಕನ ಮನೆಯ ನೀಲಿ ಫೋಲ್ಡರಿಗೆ ಇನ್ನೂ 18 ವರ್ಷ ಇದೆ. ಬೇರೆಯವರ ಹೆಸರಿಗೆ ಮಾಡಿಕೊಡೋಕೆ ಅವಕಾಶ ಇದೆಯಾ, ಅದಕ್ಕೆ ಶುಲ್ಕ ಎಷ್ಟು ಅಂತ ಕೇಳಿ ಭಾವ ಹೋದ ಶುಕ್ರವಾರ ಮೇಲ್ ಹಾಕಿದಾರೆ. "ನಿಮ್ಮ ಮೆಂಬರ್‌ಶಿಪ್ ನಾವು ಮಾರಿಸಿಕೊಡ್ತೀವಿ, ಮೊದಲು ಪ್ರೊಸೆಸಿಂಗ್ ಫೀ ಕಳಿಸಿ" ಅಂತ ಎಲ್ಲಿಂದಲೋ ಎರಡು ಫೋನ್ ಬಂದಿದ್ದವು, ಅಂಥವರಿಗೆ ಒಂದು ರೂಪಾಯಿನೂ ಕಳಿಸಬೇಡಿ ಅಂತ ಹೇಳಿದೀನಿ. ಕಂಪನಿಯಿಂದ ಉತ್ತರ ಬಂದ ಮೇಲೆ ಏನಾಯ್ತು ಅಂತ ನಿಮಗೂ ತಿಳಿಸ್ತೀನಿ.