ಬಿಸಿಲು ಎಷ್ಟು ಗಂಟೆ? ಹೂವಿಲ್ಲದ ತೋಟದ ಬಗ್ಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಲಾಲ್‌ಬಾಗ್‌ನಲ್ಲಿ ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನ ಈಗಷ್ಟೇ ಮುಗಿದಿದೆ. ಇಲ್ಲಿರುವ ಅರ್ಧ ಜನರ ಮೊಬೈಲಿನಲ್ಲಿ ಗಾಜಿನ ಮನೆಯ ಫೋಟೋ ಇದೆ ಅಂತ ನನಗೆ ಗೊತ್ತು. ಉಳಿದರ್ಧ ಜನರ ಬಾಲ್ಕನಿಯಲ್ಲಿ ಅಲ್ಲಿಂದ ಬರುವಾಗ ಹಿಡಿದುಕೊಂಡು ಬಂದ ಗಿಡ ಇದೆ. ಒಂದು ಪೆಟೂನಿಯಾ, ಒಂದು ಸಾಲ್ವಿಯಾ, ಒಂದು ಸೇವಂತಿಗೆ. ತಂದ ದಿನ ಎಲೆ ಕಾಣದಷ್ಟು ಹೂವು. ಈಗ ಹೇಗಿದೆ? ನಗಬೇಡಿ. ಗಣೇಶನ ಹಬ್ಬ ಕಳೆಯುವಷ್ಟರಲ್ಲಿ ಆ ಕುಂಡ ಮೆಟ್ಟಿಲ ಕೆಳಗೆ ಸೇರಿರುತ್ತದೆ.

ಇಂಥ ಹೊತ್ತಿನಲ್ಲಿ ಹೂವಿಲ್ಲದ ತೋಟದ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಧೈರ್ಯ ನಿಮ್ಮದು. ಮೊದಲೇ ಹೇಳಿಬಿಡುತ್ತೇನೆ, ನನಗೆ ಹೂವಿನ ಮೇಲೆ ಸಿಟ್ಟಿಲ್ಲ. ಕೃಂಬಿಗಲ್ ಕೆಲಸ ಮಾಡಿದ ಊರಿನಲ್ಲಿ ನಿಂತು ಹೂವನ್ನು ಬೈಯುವಷ್ಟು ದಡ್ಡ ನಾನಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಆ ಜರ್ಮನ್ ತೋಟಗಾರ, ಒಂದು ಮರದ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು ಅಂತ ಲೆಕ್ಕ ಹಾಕಿ ರಸ್ತೆಗಳಿಗೆ ಮರ ಆರಿಸಿದ ಕಥೆ ನಿಮಗೆಲ್ಲ ಗೊತ್ತೇ ಇದೆ. ಆದರೆ ಅವರ ಕೈಯಲ್ಲಿ ಇದ್ದದ್ದು ಅಗಲವಾದ ರಸ್ತೆ, ತಲೆ ಮೇಲೆ ಬಿಸಿಲು. ನಮ್ಮ ಕೈಯಲ್ಲಿ ಇರುವುದು 30-40 ಸೈಟು. ಅದರಲ್ಲಿ ಮನೆ ಕಟ್ಟಿ, ಸಂಪು ತೋಡಿ, ಕಾರು ನಿಲ್ಲಿಸಿ, ಮಿಕ್ಕಿದ್ದು ಮೂರಡಿ ಸಂದಿ. ಪಕ್ಕದವರದು ನಾಲ್ಕು ಮಹಡಿ.

ಅದಕ್ಕೇ ಯಾರೇ ನನ್ನನ್ನು ತೋಟ ಮಾಡಿಕೊಡಿ ಅಂತ ಕರೆದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಬಿಸಿಲು ಎಷ್ಟು ಗಂಟೆ? ಬಜೆಟ್ ಆಮೇಲೆ. ಗುಲಾಬಿಗೆ, ದಾಸವಾಳಕ್ಕೆ, ಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಅದಿಲ್ಲದೆ ಹಾಕಿದರೆ ಗಿಡ ಉದ್ದುದ್ದ ಬೆಳೆಯುತ್ತದೆ, ಬೆಳಕಿನ ಕಡೆ ಬಾಗುತ್ತದೆ, ಹೂವು ಮಾತ್ರ ಬಿಡುವುದಿಲ್ಲ. ಜನ ಆಮೇಲೆ ಗೊಬ್ಬರವನ್ನು ಬೈಯುತ್ತಾರೆ.

ಒಂದು ಮನೆಯ ಕಥೆ ಹೇಳುತ್ತೇನೆ. ಬನಶಂಕರಿ ಕಡೆಯದು. ಮನೆಯಾಕೆ ನಿವೃತ್ತ ಶಿಕ್ಷಕಿ, ಗಣಿತ ಹೇಳಿಕೊಟ್ಟವರು. ಪೂರ್ವಕ್ಕೆ ಬಾಗಿಲು, ಉತ್ತರಕ್ಕೆ ಸಂದಿ, ಅಡುಗೆಮನೆ ಕಿಟಕಿ ಆ ಸಂದಿಗೇ ತೆರೆಯುತ್ತದೆ. ಅಲ್ಲಿ ಹೂವಿನ ತೋಟ ಬೇಕು, ಬೆಳಿಗ್ಗೆ ಪೂಜೆಗೆ ಕೈಗೆಟುಕಬೇಕು ಅಂದರು. ನಾನು ಬಿಸಿಲಿನ ಪ್ರಶ್ನೆ ಕೇಳಿದೆ. "ಬೇಕಾದಷ್ಟು ಬರುತ್ತಪ್ಪ" ಅಂದರು. ಹಾಗೆ ಹೇಳದ ಮನೆಯವರನ್ನು ನಾನು ಇನ್ನೂ ನೋಡಿಲ್ಲ. ಒಂದು ಸೀಮೆಸುಣ್ಣ ಕೊಟ್ಟು, "ಮೇಡಂ, ನಾಳೆ ಗಂಟೆಗೊಮ್ಮೆ ಬಿಸಿಲಿನ ಅಂಚಿಗೆ ಗೆರೆ ಎಳೆದು ಪಕ್ಕದಲ್ಲಿ ಟೈಮ್ ಬರೆಯಿರಿ" ಅಂದೆ. ಸೀಮೆಸುಣ್ಣ ನೋಡಿದ್ದೇ ಅವರಿಗೆ ಉತ್ಸಾಹ ಬಂತು. ಮಾರನೆಯ ದಿನ ಹೋದರೆ ನೆಲದ ಮೇಲೆ ಗೆರೆ, ಕೋನ, ಪಕ್ಕದಲ್ಲಿ ಭಾಗಾಕಾರ! ಉತ್ತರ: ಮಧ್ಯಾಹ್ನ ಮುಕ್ಕಾಲು ಗಂಟೆ. ಅದೂ ಏಪ್ರಿಲ್ ತಿಂಗಳಲ್ಲಿ.

ಇಲ್ಲಿ ಒಂದು ಮಾತು ಸೇರಿಸಬೇಕು. ನಮ್ಮ ಊರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಹೊತ್ತಿಗೆ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಮಕ್ಕಳು ಕೋಲು ನೆಟ್ಟು ನೋಡುತ್ತಾರಲ್ಲ, ಅದೇ. ಆಗಸ್ಟಿನದಕ್ಕೆ ಸಾಮಾನ್ಯವಾಗಿ ಮೋಡ ಅಡ್ಡ ಬರುತ್ತದೆ, ಇರಲಿ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆ ಇರುತ್ತಾನೆ. ಉಳಿದ ತಿಂಗಳೆಲ್ಲ ದಕ್ಷಿಣಕ್ಕೆ. ಅಂದರೆ ಉತ್ತರದ ಸಂದಿಗೆ ಡಿಸೆಂಬರಿನಲ್ಲಿ ನಿಮ್ಮದೇ ಮನೆಯ ನೆರಳು. ಮೇ ತಿಂಗಳಲ್ಲಿ ಬಿಸಿಲು ನೋಡಿ ಗುಲಾಬಿ ನೆಟ್ಟವರು ಡಿಸೆಂಬರಿನಲ್ಲಿ ನನಗೆ ಫೋನ್ ಮಾಡುತ್ತಾರೆ.

ಮೇಡಂ ಲೆಕ್ಕ ಒಪ್ಪಿಕೊಂಡರು, ಸೋಲು ಒಪ್ಪಲಿಲ್ಲ. "ಅಲ್ಲಪ್ಪಾ, ದೇವರಿಗೆ ಏನಿಡಲಿ, ಎಲೆನಾ?" ಅಂದರು. ನಾನು ಕಾಯುತ್ತಿದ್ದದ್ದೇ ಇದಕ್ಕೆ. ಗಣೇಶನಿಗೆ ಇಪ್ಪತ್ತೊಂದು ಪತ್ರೆ, ಶಿವನಿಗೆ ಬಿಲ್ವ, ವಿಷ್ಣುವಿಗೆ ತುಳಸಿ, ರಥಸಪ್ತಮಿಗೆ ಎಕ್ಕದ ಎಲೆ, ಬಾಗಿಲಿಗೆ ಮಾವಿನ ತೋರಣ, ತಾಂಬೂಲಕ್ಕೆ ವೀಳ್ಯದೆಲೆ, ಊಟಕ್ಕೆ ಬಾಳೆ ಎಲೆ ಅಂತ ಒಂದೇ ಉಸಿರಿಗೆ ಒಪ್ಪಿಸಿದೆ. ಕನಕಾಂಬರದ ದಂಡೆಗೂ ಮಧ್ಯೆ ಮಧ್ಯೆ ಮರುಗ ಸೇರಿಸಿದರೇ ಅಲ್ವಾ ಚೆಂದ? ಅವರು ತಣ್ಣಗೆ, "ರಥಸಪ್ತಮಿ ವರ್ಷಕ್ಕೆ ಒಂದೇ ದಿನ. ಮಿಕ್ಕ 364ಕ್ಕೆ?" ಅಂದರು. ಗಣಿತದವರ ಹತ್ತಿರ ವಾದ ಮಾಡಬಾರದು. ಕೊನೆಗೆ ರಾಜಿಯಾಯಿತು. ದಾಸವಾಳ ಟೆರೇಸಿನ ಮೇಲೆ, ಅಲ್ಲಿ ಬಿಸಿಲಿದೆ. ಮಲ್ಲಿಗೆ ಬೀದಿಯ ಹೂವಿನವರ ಹತ್ತಿರ ಮೊಳದ ಲೆಕ್ಕದಲ್ಲಿ. ಸಂದಿ ಪೂರ್ತಿ ಎಲೆಗೆ.

ಏನು ಹಾಕಿದೆವು? ಪಾತ್ರೆ ತೊಳೆಯುವ ಜಾಗದ ಹತ್ತಿರ ನೆಲ ಯಾವಾಗಲೂ ಒದ್ದೆ, ಅಲ್ಲಿ ಕೆಸು. ಸಂದಿಯ ಕೊನೆಯಲ್ಲಿ, ಕಣ್ಣು ಹೋಗಿ ನಿಲ್ಲುವ ಕಡೆ, ತೂತು ತೂತು ಎಲೆಯ ಒಂದು ದೊಡ್ಡ ಮಾನ್‌ಸ್ಟೆರಾ. ಅದರ ಬುಡಕ್ಕೆ ಜರೀಗಿಡ. ತೀರಾ ಕತ್ತಲೆ ಇದ್ದ ಮೂಲೆಗೆ ಬಿಳಿ ಮಚ್ಚೆಯ ಅಗ್ಲೋನಿಮಾ. ಗೇಟಿನ ಹತ್ತಿರ ಬೆಳಕು ಸ್ವಲ್ಪ ಜಾಸ್ತಿ, ಅಲ್ಲಿ ದೊಡ್ಡಪತ್ರೆ. ಅಷ್ಟೇ. ಐದು ಜಾತಿ. ಮೇಡಂ ಅವರಿಗೆ ಇಪ್ಪತ್ತು ಜಾತಿ ಬೇಕಿತ್ತು. ನಮ್ಮಲ್ಲಿ ಎಲ್ಲರಿಗೂ ಇರುವ ಚಟ ಇದು. ಸಿದ್ದಾಪುರದ ನರ್ಸರಿಗಳ ಸಾಲಿಗೆ ಹೋಗಿ ಒಂದೊಂದು ತರುವುದು. ಮನೆ ಮುಂದೆ ಇನ್ನೊಂದು ನರ್ಸರಿ ತಯಾರಾಗುತ್ತದೆ, ತೋಟ ಆಗುವುದಿಲ್ಲ. ಎಲೆಯ ತೋಟದಲ್ಲಿ ಒಂದೇ ಗಿಡ ಐದು ಕಡೆ ಗುಂಪಾಗಿ ಬರಬೇಕು.

ಬ್ರೆಜಿಲ್‌ನ ತೋಟ ವಿನ್ಯಾಸಕಾರ ರೊಬೆರ್ಟೊ ಬುರ್ಲೆ ಮಾರ್ಕ್ಸ್ ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದವರು. 1928ರಲ್ಲಿ ಜರ್ಮನಿಗೆ ಹೋದ ಹುಡುಗ, ಬರ್ಲಿನ್‌ನ ದಾಹ್ಲೆಮ್ ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ ತನ್ನದೇ ದೇಶದ ಗಿಡಗಳನ್ನು ಕಂಡು ಬೆರಗಾದರಂತೆ. ಅವರ ಊರಿನ ತೋಟಗಳಲ್ಲಿ ಆಗ ಯುರೋಪಿನ ಗಿಡಗಳದ್ದೇ ದರ್ಬಾರು. ನಮ್ಮದೂ ಅದೇ ಕಥೆ. ಫಿಲೊಡೆಂಡ್ರಾನ್ ಅಂದರೆ ದುಡ್ಡು ಕೊಟ್ಟು ತರುತ್ತೇವೆ, ಮೋರಿ ಪಕ್ಕದ ಕೆಸುವನ್ನು ಕಿತ್ತು ಬಿಸಾಕುತ್ತೇವೆ. ಎರಡೂ ಒಂದೇ ಸಸ್ಯಕುಟುಂಬದವು! ಮಾನ್‌ಸ್ಟೆರಾ, ಮನಿ ಪ್ಲಾಂಟ್, ಅಗ್ಲೋನಿಮಾ ಕೂಡ.

ನಾಲ್ಕು ಅಂಶ ಬರೆದುಕೊಂಡು ಬಂದಿದ್ದೆ. ಗಡಿಯಾರ ನೋಡಿದರೆ ಎರಡಕ್ಕೆ ಜಾಗ ಇದೆ.

ಒಂದು, ಹಸಿರು ಅಂದರೆ ಒಂದೇ ಬಣ್ಣ ಅಂದುಕೊಳ್ಳಬೇಡಿ. ಹಗಲು ಬೆಳಕಿನಲ್ಲಿ ನಮ್ಮ ಕಣ್ಣು ಅತಿ ಚುರುಕಾಗಿರುವುದು 555 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಹಸಿರಿಗೇ. ಯುಗಾದಿ ಹೊತ್ತಿಗೆ ತಬೇಬುಯಾ ಹೂವಿನ ಫೋಟೋ ಎಲ್ಲರೂ ಹಾಕುತ್ತಾರೆ. ಅದೇ ರಸ್ತೆಯಲ್ಲಿ ಹೊಂಗೆ ಚಿಗುರಿರುತ್ತದೆ, ಅರಳಿ ಮರ ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ, ಒಬ್ಬರೂ ತಲೆ ಎತ್ತುವುದಿಲ್ಲ. ಆದರೂ ಬಣ್ಣಕ್ಕಿಂತ ಆಕಾರ ಮುಖ್ಯ. ದೊಡ್ಡ ಎಲೆಯ ಪಕ್ಕ ಸಣ್ಣ ಎಲೆ, ಹೊಳೆಯುವುದರ ಪಕ್ಕ ದೊಡ್ಡಪತ್ರೆಯ ಹಾಗೆ ಮಂಕು ಸುಂಕಿನದು. ಪರೀಕ್ಷೆ ಸುಲಭ. ಮೊಬೈಲಿನಲ್ಲಿ ತೋಟದ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ. ಎಲ್ಲ ಸೇರಿ ಒಂದೇ ಬೂದಿ ಕಂಡರೆ ಎಲೆಗಳ ಗಾತ್ರ ಬದಲಿಸಿ. ಗಿಡಗಳು ಬೇರೆಬೇರೆಯಾಗಿ ಕಂಡರೆ ಕೈ ಹಾಕಬೇಡಿ.

ಎರಡು, ಬಿಳಿ ಪಟ್ಟೆಯ ಎಲೆಗಳು. ಕತ್ತಲ ಮೂಲೆಗೆ ಬೆಳಕು ತರುತ್ತವೆ, ನಿಜ. ಬಿಳಿ ಭಾಗದಲ್ಲಿ ಪತ್ರಹರಿತ್ತು ಇರುವುದಿಲ್ಲ. ಹಾಗಾಗಿ ನಿಧಾನ ಬೆಳೆಯುತ್ತವೆ, ಮಧ್ಯಾಹ್ನದ ಬಿಸಿಲಿಗೆ ಸುಟ್ಟುಹೋಗುತ್ತವೆ. ಕೆಲವೊಮ್ಮೆ ಪೂರ್ತಿ ಹಸಿರಿನ ಕವಲು ಬರುತ್ತದೆ. ಅದು ಜೋರಾಗಿ ಬೆಳೆದು ಗಿಡವನ್ನೇ ಆವರಿಸುತ್ತದೆ. ಕಂಡ ತಕ್ಷಣ ಬುಡಕ್ಕೆ ಕತ್ತರಿಸಿ. ಕ್ರೋಟನ್ ಮಾತ್ರ ಇದಕ್ಕೆ ಉಲ್ಟಾ, ಒಳ್ಳೆ ಬೆಳಕಿದ್ದರೇ ಬಣ್ಣ. ಮತ್ತೆ ಅದೇ ಪ್ರಶ್ನೆಗೆ ಬಂದೆ, ಬಿಸಿಲು ಎಷ್ಟು ಗಂಟೆ?

ಚಿಟ್ಟೆ ಬರಲ್ಲವಲ್ಲ ಅಂತ ಹಿಂದಿನ ಸಾಲಿನವರು ಕೇಳುತ್ತಿದ್ದಾರೆ. ಹೂವಿಗೆ ಬರುವುದು ಬೆಳೆದ ಚಿಟ್ಟೆ, ಅದರ ಮರಿಗೆ ಬೇಕಾದದ್ದು ಎಲೆ. ನಿಮ್ಮ ಕರಿಬೇವನ್ನು ಬೋಳು ಮಾಡುವ ಹಸಿರು ಹುಳು ಇದೆಯಲ್ಲ, ಕೆಲವೇ ವಾರದಲ್ಲಿ ಅದೇ ಕಪ್ಪು ರೆಕ್ಕೆಯ ಚಿಟ್ಟೆ. ಔಷಧಿ ಹೊಡೆಯಬೇಡಿ, ಒಗ್ಗರಣೆಗೆ ನಾಲ್ಕು ಎಲೆ ಕಡಿಮೆ ಹಾಕಿ.

ನೀರಿನ ವಿಷಯ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಹೇಳಿದ್ದು ನೆನಪಿದೆಯಲ್ಲ. ಎಲೆ ತೋಟಕ್ಕೆ ನೀರೇ ಬೇಡ ಅನ್ನುವುದು ಸುಳ್ಳು. ಜರೀಗಿಡ, ಕೆಸು ಎರಡೂ ನೀರು ಕೇಳುತ್ತವೆ. ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್ ಮರೆತರೂ ಬದುಕುತ್ತವೆ. ಅಕ್ಕಿ ತೊಳೆದ ನೀರು, ಬುಡಕ್ಕೆ ಒಣಗಿದ ಎಲೆಯ ಹೊದಿಕೆ, ಸಾಕು.

ಅಧ್ಯಕ್ಷರಿಂದ ಚೀಟಿ ಬಂತು. ಗೋಡೆಗೆ ಯಾವ ಬಣ್ಣ ಅನ್ನುವುದು ಹಾಗೇ ಉಳಿಯಿತು, ಕಾಫಿ ಕುಡಿಯುವಾಗ ಹೇಳುತ್ತೇನೆ. ಬಾಗಿಲ ಹತ್ತಿರ ಮೇಜಿನ ಮೇಲೆ ಮೇಡಂ ಮನೆಯ ಕೆಸುವಿನ ಗೆಡ್ಡೆ, ದೊಡ್ಡಪತ್ರೆ ಕಡ್ಡಿ ಇಟ್ಟಿದ್ದೇನೆ. ಮನೆಗೆ ಒಂದೊಂದು. ಪಕ್ಕದಲ್ಲೇ ಡಿಫೆನ್‌ಬೇಕಿಯಾ ಇದೆ. ಅದರ ಎಲೆ ಕಚ್ಚಿದರೆ ಬಾಯಿ, ನಾಲಿಗೆ ಊದಿಕೊಳ್ಳುತ್ತದೆ. ಸಣ್ಣ ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯವರು ಅದನ್ನು ಮುಟ್ಟಬೇಡಿ. ಉಳಿದವರು ತೆಗೆದುಕೊಳ್ಳುವ ಮುಂಚೆ ನನಗೆ ಬಿಸಿಲಿನ ಲೆಕ್ಕ ಹೇಳಿ. ಸೀಮೆಸುಣ್ಣ ಬೇಕಿದ್ದರೆ ನನ್ನ ಹತ್ತಿರ ಇದೆ.