ಆನೆಗೊಂದಿ ಬಂಡೆಯ ಮೇಲೆ ಹವಳದ ಲೆಕ್ಕ

ಆನೆಗೊಂದಿ ಹತ್ತಿರದ ಒಂದು ಬಂಡೆಯ ಮುಂದೆ ನಿಂತಿದ್ದೀವಿ ಅಂದ್ಕೊಳ್ರಿ. ಮೈತುಂಬ ಬೂದಿ, ಹಳದಿ, ತಿಳಿಹಸಿರು ತೇಪೆ ಹಾಕಿದಂಗೆ ಇದೆಯಲ್ಲ, ಅದು ಕಲ್ಲುಹೂವು. ಅದರಲ್ಲಿ ಶಿಲೀಂಧ್ರ ಮನೆ ಕಟ್ಟುತ್ತೆ, ಒಳಗೆ ಸೇರಿಕೊಂಡ ಪಾಚಿ ಬಿಸಿಲು ಹಿಡಿದು ಅಡುಗೆ ಮಾಡುತ್ತೆ. ಹವಳದ್ದೂ ಇಂಥದ್ದೇ ಸಂಸಾರ. ಅಲ್ಲಿ ಸುಣ್ಣದ ಮನೆ ಕಟ್ಟೋದು ಪಾಲಿಪ್ ಅನ್ನೋ ಪುಟ್ಟ ಪ್ರಾಣಿ. ಅದರ ಊಟದ ಬಹುಪಾಲು ಬರೋದು ಮೈಯೊಳಗಿನ ಸೂಕ್ಷ್ಮ ಪಾಚಿಯಿಂದ.

ಹವಳ ನೋಡೋಕೆ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ಸಮುದ್ರದ ತಳದಲ್ಲಿ ಹವಳ ಎಷ್ಟು ಪಾಲು ಇದೆ ಅಂತ ಎಣಿಸೋದು ಕಲಿಯೋಕೆ ಗಂಗಾವತಿ ತಾಲೂಕಿನ ಈ ಬಂಡೆ ಸಾಕು. ನೀರೊಳಗೆ ಉಸಿರು, ಅಲೆ, ಆಳ ಎಲ್ಲ ನೋಡಿಕೊಳ್ಳುತ್ತಾ ಟೇಪ್ ಹಿಡಿಯೋದನ್ನೂ ಅಲ್ಲೇ ಕಲಿಯೋಕೆ ಹೊರಟರೆ ಎರಡೂ ಕೆಡುತ್ತೆ.

ಹವಳದ ದಿಬ್ಬಗಳ ಸಮೀಕ್ಷೆ ಮಾಡೋ ರೀಫ್ ಚೆಕ್ ಅನ್ನೋ ಸಂಸ್ಥೆಯ ಸ್ವಯಂಸೇವಕರು 1997ರಿಂದ ಬಳಸೋ ಕ್ರಮ ಇದು. 20 ಮೀಟರ್ ಟೇಪ್ ಬಿಗಿಯಾಗಿ ಹಾಸ್ರಿ. ಸೊನ್ನೆಯಿಂದ ಶುರುಮಾಡಿ ಪ್ರತಿ ಅರ್ಧ ಮೀಟರಿಗೆ ಒಂದು ಬಿಂದು, 19.5ಕ್ಕೆ ಮುಗೀತು. ಒಟ್ಟು 40. ಪ್ರತಿ ಬಿಂದುವಿನಲ್ಲೂ ದಾರಕ್ಕೆ ಕಟ್ಟಿದ ಕಬ್ಬಿಣದ ನಟ್ಟು ಬಿಡ್ರಿ, ಅದು ತಾಗಿದ್ದನ್ನು ಮಾತ್ರ ಬರೀರಿ. ಸಮುದ್ರದಲ್ಲಿ ಇಂಥ ನಾಲ್ಕು ತುಂಡು, ನಡುವೆ ಐದೈದು ಮೀಟರ್ ಬಿಡುವು.

ನಟ್ಟು ಯಾಕೆ ಬೇಕು? ಕಣ್ಣು ಯಾವತ್ತೂ ಚೆಂದದ್ದರ ಕಡೆ ವಾಲುತ್ತೆ. ಬಿಂದು ಮರಳಿನ ಮೇಲಿದ್ದರೂ ನಾಲ್ಕು ಬೆರಳು ಆಚೆ ಹವಳ ಕಂಡರೆ ಕೈ 'ಹವಳ' ಅಂತಲೇ ಬರೆದುಬಿಡುತ್ತೆ. ನಟ್ಟಿಗೆ ಆ ಆಸೆ ಇಲ್ಲ. ಟೇಪ್ ಸಡಿಲ ಬಿಟ್ಟರೆ ಇನ್ನೊಂದು ಅಡ್ಡಿ: ಅಲೆಗೆ ಅದು ತೂಗಾಡಿ ಬಿಂದುವೇ ಜಾಗ ಬದಲಿಸುತ್ತೆ.

ಏನು ತಾಗಿತು ಅಂತ ಗುರುತಿಸೋದರಲ್ಲೇ ಹೆಚ್ಚು ತಪ್ಪಾಗೋದು. ಅರ್ಧ ಸೆಂಟಿಮೀಟರಿಂದ 15 ಸೆಂಟಿಮೀಟರ್‌ವರೆಗಿನ ತುಂಡು ಚೂರುಕಲ್ಲು, ಅದಕ್ಕಿಂತ ದೊಡ್ಡದು ಬಂಡೆ. ಬೆರಳಾಡಿಸಿದಾಗ ತಕ್ಷಣ ತಳಕ್ಕೆ ಕೂತರೆ ಮರಳು, ಮೋಡದಂಗೆ ಎದ್ದು ತೇಲಿದರೆ ಹೂಳು. ಟಿಬಿ (ತುಂಗಭದ್ರಾ) ಡ್ಯಾಮಿನ ಹೂಳು ಕಂಡವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಹೂಳು ಕೂತರೆ ಪಾಲಿಪಿನ ಬಾಯಿ ಮುಚ್ಚುತ್ತೆ, ಪಾಚಿಗೆ ಬೆಳಕು ತಪ್ಪುತ್ತೆ. ನಮ್ಮ ತುಂಗಭದ್ರೆ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿ ಸೇರೋ ಕಡೆ ಮ್ಯಾಂಗ್ರೋವ್ ಕಾಡು ಬೆಳೆದಿದೆ, ಹವಳದ ದಿಬ್ಬ ಬೆಳೆದಿಲ್ಲ. ಅಲ್ಲಿ ಸಿಹಿನೀರೂ ಹೂಳೂ ಎರಡೂ ಹೆಚ್ಚು.

ಇನ್ನು ಬಿಳಿ ಹವಳ. ಬಿಳಿಚಿಕೊಂಡದ್ದೆಲ್ಲ ಸತ್ತಿಲ್ಲ, ಇದನ್ನ ದಯವಿಟ್ಟು ನೆನಪಿಡ್ರಿ. ಬಿಸಿ ಹೆಚ್ಚಾದಾಗ ಪಾಲಿಪ್ ತನ್ನ ಪಾಚಿಯನ್ನು ಹೊರಗೆ ಹಾಕುತ್ತೆ, ಗಾಜಿನಂಥ ಮಾಂಸದ ಮೂಲಕ ಸುಣ್ಣ ಕಾಣುತ್ತೆ. ಆಗಲೂ ಅದಕ್ಕೆ ಜೀವ ಇದೆ, ನೀರು ಬೇಗ ತಣಿದರೆ ಚೇತರಿಸಿಕೊಳ್ಳಬಹುದು. ಹೊಸದಾಗಿ ಸತ್ತದ್ದರಲ್ಲಿ ಮಾಂಸ ಇರಲ್ಲ, ಬರೀ ಸುಣ್ಣದ ಗುಳಿ ಚೂಪಾಗಿ ಕಾಣುತ್ತೆ, ಕೆಲವೇ ದಿನದಲ್ಲಿ ಮೇಲೆ ಪಾಚಿಯ ಪೊರೆ ಹತ್ತುತ್ತೆ. ಬಿಳಿಚಿದ್ದನ್ನು ಜೀವಂತ ಹವಳ ಅಂತಲೇ ಎಣಿಸಿ, ಪಕ್ಕದಲ್ಲಿ ಬಿಳಿಚಿದೆ ಅಂತ ಗುರುತು ಹಾಕ್ರಿ. ಫೋಟೋ ಒಂದನ್ನೇ ನಂಬಬೇಡ್ರಿ. ನೀರು ಕೆಂಪು ಬಣ್ಣವನ್ನು ಮೊದಲು ನುಂಗುತ್ತೆ, ಐದಾರು ಮೀಟರ್ ಕೆಳಗೆ ಎಲ್ಲವೂ ನೀಲಿ. ಚಿತ್ರದೊಳಗೆ ಬಣ್ಣದ ಪಟ್ಟಿ ಇಟ್ಟರೆ ಮಾತ್ರ ಹೋಲಿಕೆ ಸಾಧ್ಯ.

ಬಳ್ಳಾರಿ ಬಿಸಿಲಲ್ಲಿ ಒಂದು ಡಿಗ್ರಿ ಏರಿಳಿತ ಯಾರ ಗಮನಕ್ಕೂ ಬರಲ್ಲ. ಹವಳಕ್ಕೆ ಅದೇ ಗಡಿ. ಆ ಜಾಗದ ಅತಿ ಬೆಚ್ಚಗಿನ ತಿಂಗಳ ಸರಾಸರಿಗಿಂತ ಒಂದು ಡಿಗ್ರಿ ಹೆಚ್ಚು ಬಿಸಿ ನಾಲ್ಕು ವಾರ ನಿಂತರೆ 4 ಡಿಗ್ರಿ-ವಾರ, ಬಿಳಿಚುವಿಕೆ ಶುರು. 8 ದಾಟಿದರೆ ಸಾಯೋದೂ ಶುರುವಾಗಬಹುದು. ಸಾಗರ, ಹವಾಮಾನ ನೋಡಿಕೊಳ್ಳೋ ಅಮೆರಿಕದ ನೋವಾ (NOAA) ಸಂಸ್ಥೆ ಈ ಲೆಕ್ಕವನ್ನು ಉಪಗ್ರಹದಿಂದ ತೆಗೆದು, 5 ಕಿಲೋಮೀಟರ್ ಚೌಕಗಳಲ್ಲಿ ಎಲ್ಲರಿಗೂ ಉಚಿತವಾಗಿ ಕೊಡುತ್ತೆ. ಫೋನಲ್ಲೇ ಲಕ್ಷದ್ವೀಪದ ನಕ್ಷೆ ತೆಗೆದು ನೋಡ್ರಿ.

ಬಂಡೆಗೆ ವಾಪಸ್ ಬರೋಣ. ಕಲ್ಲುಹೂವನ್ನು ಹವಳ ಅಂದ್ಕೊಳ್ರಿ. ಮೊಳೆ, ಬಣ್ಣ ಬೇಡ, ಟೇಪಿನ ತುದಿಗೆ ಕಲ್ಲು ಹೇರಿದರೆ ಸಾಕು. ಬೆಳಿಗ್ಗೆ ಎಂಟರೊಳಗೆ ಮುಗಿಸ್ರಿ, ಆಮೇಲೆ ಬಂಡೆ ಕಾಯುತ್ತೆ. ಇಬ್ಬರು, ಒಬ್ಬರದು ಇನ್ನೊಬ್ಬರಿಗೆ ತೋರಿಸದೆ, ಅದೇ ಟೇಪ್ ಎಣಿಸಬೇಕು. ಒಂದು ಬಿಂದು ಅಂದ್ರೆ ಶೇಕಡಾ 2.5. ಒಬ್ಬರಿಗೆ 13 ಬಂದರೆ ಶೇಕಡಾ 32.5, ಇನ್ನೊಬ್ಬರಿಗೆ 16 ಬಂದರೆ 40. ಬಂಡೆ ಒಂದೇ, ಅಂತರ ಏಳೂವರೆ. ಇದೇ ಜೋಡಿ ಸಮುದ್ರಕ್ಕಿಳಿದು 'ಹವಳ ಶೇಕಡಾ 5 ಕಡಿಮೆಯಾಗಿದೆ' ಅಂದರೆ ಒಪ್ಪೋಕಾಗಲ್ಲ. ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಯಾವ ಯಾವ ಬಿಂದುವಿನಲ್ಲಿ ಬೇರೆ ಬರೆದಿದ್ದೀರಿ ಅಂತ ಹುಡುಕಿ, ಅಲ್ಲಿಗೇ ಹೋಗಿ ಮತ್ತೆ ನಟ್ಟು ಬಿಡ್ರಿ.