ಸೀಸದ ಕೈಗಡ

ಕೇಳುಗರೆಲ್ಲರಿಗೂ ನಮಸ್ಕಾರ್ರೀ. ಊರ ಹೊರಗಿನ ಹಣಮಪ್ಪನ ಗುಡಿಯಾಗ ಮೂರ್ತಿಗೆ ಸಿಂಧೂರ ಬಳಿದಿರ್ತಾರಲ್ರೀ, ಕೇಸರಿಗೆಂಪು ಬಣ್ಣದ್ದು, ಹಿಂದಿನ ಕಾಲದಾಗ ಅದು ಬಹಳಷ್ಟು ಕಡೆ ಸೀಸದ ಪುಡಿನೇ ಇರ್ತಿತ್ತು. ನಾನು ರಾಯಚೂರಾಗ ಕಾಲೇಜು ಹುಡುಗ್ರಿಗೆ ಕೆಮಿಸ್ಟ್ರಿ ಹೇಳಾವ, ಈ ಮಾತು ಹೇಳಿದ್ರ ಹುಡುಗ್ರು ನಂಬಂಗಿಲ್ಲ, ಸೀಸ ಬೂದಿ ಬಣ್ಣ ಇರ್ತದಲ್ರೀ ಸರ್ ಅಂತಾರ. ಖರೆ, ಆದ್ರ ಸೀಸ ಗಾಳ್ಯಾಗಿನ ಆಕ್ಸಿಜನ್ ಜೋಡಿ ಕೂಡಿತು ಅಂದ್ರ ಬಣ್ಣಾನೇ ಬದಲು.

ಮೊದಲನೇದು ಲಿಥಾರ್ಜ್, ಅಂದ್ರ ಸೀಸದ ಮೋನಾಕ್ಸೈಡ್. ನಮ್ಮ ರಸಶಾಸ್ತ್ರದಾಗ ಮೃದ್ದಾರಶೃಂಗ ಅಂದ್ರು, ಉರ್ದು ಮಾತಾಡೋರು ಮುರ್ದಾಸಂಗ್ ಅಂತಾರ. ಒಂದು ರೂಪ ಕೆಂಪು, ಇನ್ನೊಂದು ಹಳದಿ, ಸುಮಾರು 489 ಡಿಗ್ರಿ ಮೇಲೆ ಕಾಸಿದ್ರ ಕೆಂಪು ಹೋಗಿ ಹಳದಿ ಆಗ್ತದ. ಕೈಯಾಗ ಹಿಡಿದ್ರ ಪುಡಿ ಅನ್ಸಂಗಿಲ್ಲ, ಅಷ್ಟು ಭಾರ, ನೂರು ಗ್ರಾಂ ಲಿಥಾರ್ಜ್‌ನಾಗ ಹತ್ತತ್ರ 93 ಗ್ರಾಂ ಸೀಸಾನೇ ಇರ್ತದ. ಇದನ್ನೇ ಗಾಳ್ಯಾಗ 450ರಿಂದ 480 ಡಿಗ್ರಿ ಒಳಗ ತಾಸುಗಟ್ಲೆ ಹುರಿದ್ರ ಇನ್ನಷ್ಟು ಆಕ್ಸಿಜನ್ ತಗೊಂಡು ರೆಡ್ ಲೆಡ್ ಆಗ್ತದ, ಮೊದಲು ಹೇಳಿದ ಸಿಂಧೂರ ಇದೇ ನೋಡ್ರಿ. ಆಸೆ ಬಿದ್ದು ಉರಿ ಇನ್ನೂ ಜೋರು ಮಾಡಿದ್ರಿ, ತಗೊಂಡಿದ್ದ ಆಕ್ಸಿಜನ್ ವಾಪಸ್ ಕೊಟ್ಟು ಮತ್ತ ಲಿಥಾರ್ಜ್ ಆಗಿ ಕುಂದರ್ತದ. ನಾನು ಕ್ಲಾಸಿನ್ಯಾಗ ಇದಕ್ಕ ಕೈಗಡದ ಲೆಕ್ಕ ಅಂತೀನಿ. ಒಬ್ಬನ ಹತ್ರ ಇಸ್ಕೊಂಡಿದ್ದು, ಇನ್ನೊಬ್ಬ ಕೇಳಿದ ಕೂಡ್ಲೆ ಕೊಟ್ಟುಬಿಡೋದು. ಇದರ ಉಪಯೋಗ ಬಹಳಷ್ಟು ಈ ಗುಣದ ಮ್ಯಾಲೇ ನಿಂತದ.

ನಿಮ್ಮ ಮನ್ಯಾಗಿನ ಇನ್ವರ್ಟರ್ ಬ್ಯಾಟರೀನೇ ತಗೋರಿ. ನಮ್ಮ ರಾಯಚೂರು ಬಿಸಿಲಿಗೆ ಅದರ ನೀರು ಬಡಾನ ಇಳೀತದ, ಏಪ್ರಿಲ್ ಮೇ ತಿಂಗಳಾಗ ಡಿಸ್ಟಿಲ್ಡ್ ವಾಟರ್ ಹಾಕಿ ಹಾಕಿ ಸಾಕಾಗ್ತದ, ಅದು ಬ್ಯಾರೆ ಮಾತು ಬಿಡ್ರಿ. ಕಾರ್ಖಾನ್ಯಾಗ ಸೀಸದ ಆಕ್ಸೈಡ್ ಪುಡಿಗೆ ನೀರು, ಗಂಧಕಾಮ್ಲ ಹಾಕಿ ಹಿಟ್ಟು ಕಲಿಸಿದಂಗ ಕಲಸಿ, ಸೀಸದ ಜಾಳಿಗಿಗೆ ಮೆತ್ತತಾರ, ಆಮ್ಯಾಲೆ ಕರೆಂಟ್ ಹಾಯಿಸಿದ್ರ ಪಾಸಿಟಿವ್ ಪ್ಲೇಟಿನ ಪುಡಿ ಕಂದು ಬಣ್ಣದ ಡೈಆಕ್ಸೈಡ್ ಆಗ್ತದ, ನೆಗೆಟಿವ್ ಕಡೀದು ಇದ್ದ ಆಕ್ಸಿಜನ್ನೂ ಕಳಕೊಂಡು ಸ್ಪಂಜಿನಂಥ ಸೀಸ ಆಗ್ತದ. ಒಂದೇ ಪುಡಿ, ಒಂದು ಕಡೆ ಸಾಹುಕಾರ, ಇನ್ನೊಂದು ಕಡೆ ದಿವಾಳಿ! ಈ ಅಂತರದಿಂದ್ಲೇ ಒಂದು ಸೆಲ್ಲಿಗೆ 2 ವೋಲ್ಟ್ ಹುಟ್ಟೋದು, ಆರು ಸೆಲ್ ಸೇರಿದ್ರ 12. ಫ್ರಾನ್ಸಿನ ಪ್ಲಾಂಟೆ 1859ರಾಗ ಮಾಡಿದ ಬ್ಯಾಟರಿಗೆ ಬರೀ ಸೀಸದ ತಗಡು, ಪುಡಿ ಮೆತ್ತೋ ಉಪಾಯ 1881ರ ಸುಮಾರಿಗೆ ಫೋರ್ ಅನ್ನಾವ ತಂದ. ಇವತ್ತು ಜಗತ್ತಿನ ಸೀಸದಾಗ ಹೆಚ್ಚಿನ ಪಾಲು ಬ್ಯಾಟರಿಗೇ ಹೋಗ್ತದ.

ಕಬ್ಬಿಣದ ಸೇತುವೆಗೆ ತುಕ್ಕು ಹಿಡಿಬಾರ್ದಂತ ಅಗಸಿ ಎಣ್ಣ್ಯಾಗ ರೆಡ್ ಲೆಡ್ ಕಲಸಿ ಮೊದಲ ಕೋಟ್ ಹೊಡಿಯೋದಿತ್ತು. ಎಕ್ಸ್‌ರೇ ರೂಮಿನ ಕಿಟಕಿ ಗ್ಲಾಸಿನ್ಯಾಗ, ಹಳೇ ಡಬ್ಬಾ ಟಿವಿ ಗ್ಲಾಸಿನ್ಯಾಗ ಸೀಸದ ಆಕ್ಸೈಡ್ ಅದ, ಯಾಕಂದ್ರ ಸೀಸ ಎಕ್ಸ್‌ರೇ ತಡೀತದ. ಲಿಥಾರ್ಜ್‌ಗೆ ಗ್ಲಿಸರಿನ್ ಹಾಕಿ ಕಲಸಿದ್ರ ಕಲ್ಲಾಗಿ ಬಿಗೀತದ, ಪೈಪಿನ ಜಾಯಿಂಟಿಗೆ ಅದನ್ನ ತುಂಬ್ತಿದ್ರು.

ಈಗ ನನಗ ಭಾಳ ಸೇರೋ ಕತಿಗೆ ಬರ್ತೀನಿ. ನಮ್ಮ ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿ ಗೊತ್ತಲ್ರೀ, ಅಂಥಾ ಗಣಿಯಾಗ ಒಂದು ಟನ್ ಕಲ್ಲಿನಾಗ ಚಿನ್ನ ಇರೋದು ಕೆಲವೇ ಗ್ರಾಂ, ಅದೂ ಕಣ್ಣಿಗೆ ಕಾಣಂಗಿಲ್ಲ. ಎಷ್ಟದ ಅಂತ ಅಳಿಯೋದು ಹೆಂಗ? ಇದಕ್ಕ ಫೈರ್ ಅಸ್ಸೇ ಅಂತ ಹಳೇ ಪದ್ಧತಿ ಅದ. ಕಲ್ಲಿನ ಪುಡಿಗೆ ಲಿಥಾರ್ಜ್, ಸೋಡಾ, ಬೊರಾಕ್ಸ್ ಮತ್ತ, ನಗಬ್ಯಾಡ್ರಿ, ಗೋಧಿ ಹಿಟ್ಟು ಹಾಕ್ತಾರ! ಸುಮಾರು ಸಾವಿರ ಡಿಗ್ರಿ ಕುಲುಮಿಯಾಗ ಆ ಹಿಟ್ಟಿನ ಇಂಗಾಲ ಲಿಥಾರ್ಜ್ ಹತ್ರ ಆಕ್ಸಿಜನ್ ವಸೂಲಿ ಮಾಡ್ತದ, ಸೀಸ ಸಣ್ಣ ಸಣ್ಣ ಹನಿಯಾಗಿ ಮಳಿ ಸುರಿದಂಗ ಕೆಳಗ ಇಳೀತದ, ಇಳೀತಾ ದಾರ್ಯಾಗ ಸಿಕ್ಕ ಚಿನ್ನ ಬೆಳ್ಳಿ ಎಲ್ಲಾ ಬಾಚಿಕೊಂಡು ತಳದಾಗ ಅಂಗಿ ಗುಂಡಿಯಂಗ ಕುಂದರ್ತದ. ಒಂದು ಗ್ರಾಂ ಹಿಟ್ಟು ಹತ್ತು ಗ್ರಾಂ ಮ್ಯಾಲೆ ಸೀಸ ಇಳಸ್ತದ, ಹಿಂಗಾಗಿ ಹಿಟ್ಟನ್ನೂ ತೂಗೇ ಹಾಕ್ಬೇಕು.

ಆಮ್ಯಾಲೆ ಆ ಸೀಸದ ಗುಂಡೀನ್ನ, ಎಲುಬಿನ ಬೂದಿ ಇಲ್ಲಾ ಮೆಗ್ನೀಷಿಯಾ, ಅಂದ್ರ ಮೆಗ್ನೀಷಿಯಂ ಆಕ್ಸೈಡಿನಿಂದ ಮಾಡಿದ ಸಣ್ಣ ಬಟ್ಟಲದಾಗ ಇಟ್ಟು ಗಾಳಿ ಆಡೋ ಕುಲುಮಿಯಾಗ ಕಾಸ್ತಾರ. ಸೀಸ ಮತ್ತ ಆಕ್ಸಿಜನ್ ಇಸ್ಕೊಂಡು ಲಿಥಾರ್ಜ್ ಆಗಿ, ಕರಗಿ, ಬಟ್ಟಲದಾಗೇ ಇಂಗಿ ಹೋಗ್ತದ, ಸ್ವಲ್ಪ ಹೊಗಿಯಾಗಿ ಹಾರ್ತದ. ಆ ಹೊಗಿ ಕುಡೀಬಾರ್ದು, ಸೀಸ ಮೈಯಾಗ ಸೇರಿದ್ರ ಮಕ್ಕಳ ಮಿದುಳಿಗೆ ಕೆಟ್ಟದ್ದು, ಇಷ್ಟಿದ್ರ ಪರವಾಗಿಲ್ಲ ಅನ್ನೋ ಪ್ರಮಾಣಾನೇ ಇಲ್ಲ. ಅದಕ್ಕೇ ನಮ್ಮ ದೇಶದಾಗ 2017ರ ನವೆಂಬರ್‌ನಿಂದ ಮನಿ ಪೇಂಟಿನ್ಯಾಗ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಂಗಿಲ್ಲ ಅಂತ ಕಾಯ್ದೆ ಬಂತು. ಗುಜರಿಯಾಗ ಹಳೇ ಬ್ಯಾಟರಿ ಒಡೆದು ಬಯಲಾಗ ಸೀಸ ಕರಗಸೋರ ಮನಿ ಮಕ್ಕಳು ಅದೇ ಧೂಳಿನ್ಯಾಗ ಆಡ್ತಿರ್ತಾವ, ಅದನ್ನ ನೋಡಿದಾಗೆಲ್ಲ ಹೊಟ್ಯಾಗ ಸಂಕಟ ಆಗ್ತದ್ರೀ.

ಹಂಗ ಕಾಸಿ ಕಾಸಿ ಸೀಸ ಎಲ್ಲಾ ಹೋದ ಗಳಿಗಿಗೆ ಬಟ್ಟಲದಾಗ ಒಂದು ಕ್ಷಣ ಮಿಂಚು ಹೊಡೀತದ. ಆಮ್ಯಾಲೆ ಉಳಿಯೋದು ಸಾಸಿವಿಗಿಂತ ಸಣ್ಣ ಮಣಿ, ಚಿನ್ನ ಬೆಳ್ಳಿ ಕೂಡಿದ್ದು. ಅದನ್ನ ನೈಟ್ರಿಕ್ ಆಮ್ಲದಾಗ ಹಾಕಿ ಬೆಳ್ಳಿ ಕರಗಿಸಿದ್ರ ಬರೀ ಚಿನ್ನ ಉಳೀತದ, ಸೂಕ್ಷ್ಮ ತಕ್ಕಡಿಗೆ ಹೋಗ್ತದ. ಬಟ್ಟಲ ಮಾತ್ರ ಸೀಸ ಕುಡಿದು ಭಾರ ಆಗಿ, ವಿಷದ ಕಸ ಅಂತ ಬ್ಯಾರೆ ಡ್ರಮ್ಮಿಗೆ ಬೀಳ್ತದ.

ಬರ್ತೀನ್ರೀ, ನಮಸ್ಕಾರ.